ಹಾಲ್ಟ್ ಬಸ್ಸಿನವರ ಗಸಿ

ಮೊನ್ನೆ ಬೆಳಿಗ್ಗೆ ಹಾಲು ತೆಗೆಯಲೆಂದು ಫ್ರಿಜ್ಜಿನ ಬಾಗಿಲು ತೆರೆದವನು ಹಾಗೆಯೇ ನಿಂತುಬಿಟ್ಟೆ. ಕೆಳಗಿನ ಅಂತಸ್ತಿನಲ್ಲಿದ್ದ ಸ್ಟೀಲಿನ ಡಬ್ಬಿಯೊಂದರ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅದರೊಳಗಿನಿಂದ ಹುರಿದ ಕೊತ್ತಂಬರಿ, ತೆಂಗಿನೆಣ್ಣೆ, ಬೆಂದು ತಣಿದ ಬಾಳೆಕಾಯಿ ಎಲ್ಲ ಸೇರಿದ ಒಂದು ವಾಸನೆ. ಗಸಿ, ನಮ್ಮ ಕಡೆ ಕಾಯಿ ಅರೆದು ಮಾಡುವ ದಪ್ಪನೆ ಪದಾರ್ಥ. ಬಿಸಿ ಗಸಿಯಾದರೆ ಅದರ ವಾಸನೆಯೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ತಣ್ಣಗಿನದ್ದಕ್ಕೆ ನಾವೇ ಬಗ್ಗಬೇಕು. ನಾನು ಬಗ್ಗಿದೆ.

"ಬಾಗಿಲು ಹಾಕಿ ಮಾರಾಯ್ರೆ, ತಂಪೆಲ್ಲ ಹೋಗ್ತದೆ," ಅಂದಳು ಹೆಂಡತಿ ಸುಜಯ. "ಮತ್ತೆ ಅದನ್ನು ಮುಟ್ಟಬೇಡಿ. ಬಾವನದ್ದು."

ಮುಟ್ಟಲಿಲ್ಲ. ಆದರೆ ಆ ಒಂದು ಉಸಿರಿನಲ್ಲಿ ಎರಡು ವರ್ಷದ ಹಿಂದಿನ ಇಡೀ ಮಳೆಗಾಲ ಒಳಗೆ ಹೋಗಿಬಿಟ್ಟಿತ್ತು.

ನಾನು ಮೆಲ್ಕಾರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನು. ಸುತ್ತಲಿನ ಜನರಿಗೆ ದೂರದ್ದು, ಹತ್ತಿರದ್ದು ಸರಿಯಾಗಿ ಕಾಣುವಂತೆ ಮಾಡುವುದು ನನ್ನ ಕೆಲಸ. ನನಗೆ ಮಾತ್ರ ಸ್ವಲ್ಪ ಹೆಚ್ಚೇ ಕಾಣುತ್ತದೆ. ಇನ್ನೂ ಬಾರದ ಆಪತ್ತುಗಳೆಲ್ಲ ಮೂಗು ಕಣ್ಣು ಸಮೇತ ಸ್ಪಷ್ಟವಾಗಿ ಎದುರು ಬಂದು ನಿಲ್ಲುತ್ತವೆ. ಮಗಳು ಫೋನ್ ಎತ್ತದಿದ್ದರೆ ಅಪಘಾತ, ಎತ್ತಿದರೆ "ಯಾಕೆ ಸ್ವರ ಸಣ್ಣದಾಗಿದೆ" ಅಂತ ಜ್ವರ. ಅಕ್ಕ ಹೇಳುವುದುಂಟು: "ನಿನಗೆ ಚಿಂತೆ ಇಲ್ಲದ ದಿನ ಬಂದರೆ, ಇವತ್ತು ಯಾಕೆ ಚಿಂತೆ ಇಲ್ಲ ಅಂತ ನೀನು ಹೆದರಿ ಸಾಯ್ತಿ."

ಆ ಮಳೆಗಾಲದಲ್ಲಿ ಮಾತ್ರ ನಾನು ಚಿಂತೆ ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಕ್ಕನ ಗಂಡ ಸಂಜೀವ ಬಾವನಿಗೆ ಗಂಟಲಿನ ಕ್ಯಾನ್ಸರಿಗೆ ಮಂಗಳೂರಿನಲ್ಲಿ ಕರೆಂಟು ಕೊಟ್ಟು ಮುಗಿದಿತ್ತು. ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟು ಅಂತಲೇ ಹೆಸರು. ರೋಗ ಹಿಡಿತಕ್ಕೆ ಬಂದಿದೆ ಅಂದರು ಡಾಕ್ಟರು. ಆದರೆ ಬಾವ ಊಟ ಬಿಟ್ಟಿದ್ದರು. ಬಾಯೊಳಗೆಲ್ಲ ಹುಣ್ಣು, ನಾಲಿಗೆಗೆ ರುಚಿ ಇಲ್ಲ. ಅನ್ನ ಮಣ್ಣಿನ ಹಾಗೆ, ಹಾಲು ಗೋಡೆಗೆ ಹಚ್ಚುವ ಸುಣ್ಣದ ಹಾಗೆ ಅನ್ನುತ್ತಿದ್ದರು. ಅಂಗಿಯೊಳಗೆ ಮನುಷ್ಯ ಎಲ್ಲಿದ್ದಾರೆಂದು ಹುಡುಕಬೇಕು, ಹಾಗೆ ಇಳಿದುಹೋಗಿದ್ದರು.

"ಮುಂದಿನ ಸಲ ಬರುವಾಗ ತೂಕ ಇನ್ನೂ ಇಳಿದಿದ್ದರೆ ಹೊಟ್ಟೆಗೆ ಟ್ಯೂಬ್ ಹಾಕಬೇಕಾಗ್ತದೆ," ಅಂದರು ಡಾಕ್ಟರು. "ಅವರಿಗೆ ಏನು ಇಷ್ಟವೋ ಅದನ್ನು ಕೊಡಿ. ಶುಚಿಯಾಗಿರಲಿ, ಅಷ್ಟೇ."

ಬಾವ ಪಿಸುಗುಟ್ಟಿದರು. ಇಡೀ ಬಸ್ಸಿಗೆ ಕೇಳುವ ಹಾಗೆ ಮಾತಾಡುತ್ತಿದ್ದ ಸ್ವರದಲ್ಲಿ ಉಳಿದದ್ದು ಅಷ್ಟೇ. "ಪೈಪ್ ಹಾಕಿಸುವುದಿಲ್ಲ ನಾನು. ನಾನೆಂತ ಡೀಸೆಲ್ ಟ್ಯಾಂಕಾ?"

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಬಾವ ತಮಾಷೆಯಲ್ಲಿ ಹೇಳಿದ್ದನ್ನು ಹಿಂದೆ ತೆಗೆದುಕೊಂಡವರಲ್ಲ, ಅದು ಅವಳಿಗೆ ಗೊತ್ತು. (ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಬಾವನ ಬೈಗುಳ ಅರ್ಧಕ್ಕರ್ಧ ಸೋರಿಹೋಗಿದೆ, ಓದುವವರ ಪುಣ್ಯ.)

ಬಾವ ಸರ್ವಿಸ್ ಬಸ್ಸಿನ ಡ್ರೈವರಾಗಿದ್ದವರು. ಬಂಟ್ವಾಳದಿಂದ ಬೆಳ್ತಂಗಡಿ, ಅಲ್ಲಿಂದ ವೇಣೂರಿನ ದಾರಿಯಾಗಿ ಮೂಡುಬಿದಿರೆ, ಮತ್ತೆ ಸಿದ್ದಕಟ್ಟೆಯಾಗಿ ಬಂಟ್ವಾಳ. ಗಾಣದೆತ್ತಿನ ಹಾಗೆ ಜೀವಮಾನವಿಡೀ ಅದೇ ಸುತ್ತು. ಮನೆಯ ಊಟಕ್ಕಿಂತ ಹೋಟೆಲಿನ ಊಟ ಉಂಡದ್ದೇ ಹೆಚ್ಚು. ಪುಂಜಾಲಕಟ್ಟೆ ಅಂದರೆ ಅವರ ಲೆಕ್ಕದಲ್ಲಿ ಊರಲ್ಲ, ಅವಲಕ್ಕಿ. ಪಾಣೆಮಂಗಳೂರು ಅಂದರೆ ಬನ್ಸ್. ಬೆಳ್ತಂಗಡಿ ಅಂದರೆ ನಿಂತುಕೊಂಡೇ ಉಣ್ಣುವ ಒಂದು ಊಟದ ಮನೆಯ ಸಾರು. ಆ ಹೋಟೆಲುಗಳಲ್ಲಿ ಮುಕ್ಕಾಲು ಪಾಲು ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕೆಲವು ಹೋದವು, ಮಕ್ಕಳು ದುಬೈಗೆ ಹೋದ ಮೇಲೆ ಕೆಲವು ಮುಚ್ಚಿದವು.

ಅವತ್ತು ಮಂಗಳೂರಿನಿಂದ ಕಾರಿನಲ್ಲಿ ಬರುವಾಗ ಬಾವ ಕಿಟಕಿಯ ಗಾಜಿಗೆ ಬೆರಳು ತಾಗಿಸುತ್ತ ಹೋದರು. ಹೊರಗೆ ಕವುಚಿ ಹಾಕಿದಂಥ ಮಳೆ. "ಇಲ್ಲಿ ಗೋಳಿಬಜೆ." ಸ್ವಲ್ಪ ದೂರ ಹೋಗಿ, "ಇಲ್ಲಿ ಕಾಶಿ ಹಲ್ವ." ಬೆರಳು ತೋರಿಸಿದ ಕಡೆ ನನಗೆ ಕಂಡದ್ದು ಟೈಲ್ಸ್ ಅಂಗಡಿ, ಮೊಬೈಲ್ ಅಂಗಡಿ.

ನನ್ನ ತಲೆಗೆ ಹೊಳೆದದ್ದು ಆಗ. ಇಷ್ಟವಾದದ್ದನ್ನು ಕೊಡಿ ಅಂದಿದ್ದಾರಲ್ಲ ಡಾಕ್ಟರು. ಬಾವನ ಇಷ್ಟವೆಲ್ಲ ಮುಚ್ಚಿದ ಹೋಟೆಲುಗಳಲ್ಲಿದೆ. ಹಾಗಾದರೆ ಆ ಹೋಟೆಲುಗಳನ್ನೇ ನಮ್ಮ ಅಡುಗೆಮನೆಯಲ್ಲಿ ತೆರೆಯುವ.

"ತೆರೆಯುವ ಅಂದರೆ ಯಾರು? ನಾನಾ?" ಅಂತ ಕೇಳಿದಳು ಸುಜಯ. ಅಲ್ಲಿಯವರೆಗೆ ನಾನು ಮಾಡಿದ ಅತಿ ದೊಡ್ಡ ಅಡುಗೆ ಅಂದರೆ ಮೊಟ್ಟೆ ಬೇಯಿಸಿದ್ದು. ಅದೂ ಬೆಂದಿತೋ ಇಲ್ಲವೋ ಎಂಬ ಸಂಶಯದಲ್ಲಿ ಒಡೆದುಹೋಗುವವರೆಗೆ ಬೇಯಿಸಿದ್ದು.

ಆಟಿ, ಅಂದರೆ ಆಷಾಢ ತಿಂಗಳ ಮಳೆ. ಅಂಗಡಿಗೆ ಜನ ಕಡಿಮೆ. ಬಂದವರೂ ಮಳೆ ನಿಲ್ಲಲಿ ಅಂತ ನಿಂತವರು, ಕನ್ನಡಕ ಬೇಕಾದವರಲ್ಲ. ಹಾಗಾಗಿ ಬೇಗ ಬಾಗಿಲೆಳೆದು ಮನೆಗೆ ಬರುತ್ತಿದ್ದೆ. ಇಬ್ಬರೂ ಸೇರಿ ಬಾವನ ವರ್ಣನೆಯ ಪ್ರಕಾರ ಏನಾದರೊಂದು ಮಾಡುವುದು, ಅದನ್ನು ಹಾಟ್‌ಬಾಕ್ಸಿಗೆ ತುಂಬಿ, ಹಾಟ್‌ಬಾಕ್ಸಿಗೆ ಟವೆಲು ಸುತ್ತಿ, ಟವೆಲಿನ ಮೇಲೆ ನನ್ನ ಮಫ್ಲರು ಸುತ್ತಿ, ವಾಮದಪದವಿನ ಅಕ್ಕನ ಮನೆಗೆ ಹೊರಡುವುದು. ಡಾಕ್ಟರು ಶುಚಿ ಅಂದದ್ದು ನನ್ನ ಮನಸ್ಸಿನೊಳಗೆ ಹೋಗುವಷ್ಟರಲ್ಲಿ ಬಿಸಿ ಎಂದಾಗಿತ್ತು. ಮಳೆಗಾಲ, ನಿಶ್ಶಕ್ತಿಯ ಶರೀರ, ಎಲ್ಲಿ ಯಾವ ರೋಗಾಣು ಕಾದು ಕೂತಿದೆಯೋ! ಅಷ್ಟು ಸುತ್ತಿ ಒಯ್ದದ್ದನ್ನು ಅಲ್ಲಿ ಹೋಗಿ ಮತ್ತೊಮ್ಮೆ ಕುದಿಸುತ್ತಿದ್ದೆ. ಬಾವನ ತಟ್ಟೆಯಲ್ಲಿ ಹೊಗೆಯೇಳದಿದ್ದರೆ ನನಗೆ ಸಮಾಧಾನವಿಲ್ಲ.

ಬನ್ಸ್ ಮಾಡಿದೆವು. ಒಳ್ಳೆಯ ಉಬ್ಬಿದ ಬನ್ಸ್. ಬಾವ ಒಂದು ಚೂರು ಬಾಯಿಗಿಟ್ಟು, ಬಹಳ ಹೊತ್ತು ಅದನ್ನೇ ಆಚೀಚೆ ಮಾಡಿ, ಕೊನೆಗೆ ಮರ್ಯಾದೆಗೆ ನುಂಗಿದರು. ಗೋಳಿಬಜೆಯ ಹೊರಗಿನ ಗರಿ ಹುಣ್ಣಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಬೆಳ್ತಂಗಡಿಯ ಸಾರನ್ನು ಲೋಟದಲ್ಲಿ ಕೊಟ್ಟರೆ ಒಂದು ಗುಟುಕಿಗೇ ಗಂಟಲು ಹಿಡಿದುಕೊಂಡರು.

"ಹೇಗುಂಟು ಬಾವ?" ಪ್ರತಿ ಸಲ ನಾನು ಕೇಳುವುದು.

"ಲಾಯ್ಕುಂಟು," ಅವರು ತಟ್ಟೆ ದೂಡುವುದು.

"ನೀನು ಹೀಗೆ ಎದುರು ಕೂತು ಬಾಯಿ ನೋಡಿದರೆ ಹಸಿವೆ ಇದ್ದವನಿಗೂ ಓಡಿ ಹೋಗ್ತದೆ," ಅಂದಳು ಅಕ್ಕ. ಬೈದವಳು ಹಿತ್ತಿಲ ಬಾಗಿಲಿಗೆ ಹೋಗಿ ಸೆರಗಿನಿಂದ ಮುಖ ಒರೆಸಿಕೊಂಡದ್ದೂ ಕಂಡಿತು. ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರವಾಗುತ್ತಿತ್ತು.

ಅವತ್ತೇ ಬಾವ ಮೂಡುಬಿದಿರೆಯ ಹೆಸರು ತೆಗೆದದ್ದು. ಮಳೆಯ ಸದ್ದಿನಲ್ಲಿ ಅವರ ಬಾಯಿಯ ಹತ್ತಿರ ಕಿವಿ ಒಯ್ಯಬೇಕಾಯಿತು.

"ಶಾಂತಿರಾಜಣ್ಣನ ಹೋಟೆಲಿನ ಗಸಿ ಉಂಟಲ್ಲ, ಅದಾದರೆ ಇಳಿದೀತು ಅಂತ ಕಾಣ್ತದೆ."

ಶಾಂತಿರಾಜಣ್ಣನದ್ದು ಬಸ್‌ಸ್ಟ್ಯಾಂಡಿನ ಹಿಂದೆ ಇದ್ದ ಸಣ್ಣ ಜೈನರ ಹೋಟೆಲು. ಬಾವನದ್ದು ಹಾಲ್ಟ್ ಬಸ್ಸು, ಅಂದರೆ ದಿನದ ಕೊನೆಯ ಟ್ರಿಪ್ಪಿನಲ್ಲಿ ಮೂಡುಬಿದಿರೆಗೆ ಹೋಗಿ, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಮೊದಲು ಹೊರಡುವ ಬಸ್ಸು. ಅಲ್ಲಿ ಅವರ ಊಟ ವರ್ಷಗಟ್ಟಲೆ ಒಂದೇ: ಅಕ್ಕಿಯ ಒತ್ತುಶ್ಯಾವಿಗೆ, ಜತೆಗೆ ಬಾಳೆಕಾಯಿ ಕಡಲೆ ಗಸಿ.

ಮೊದಲ ಸಲ ಸುಜಯ ಎಂದಿನಂತೆ ನೀರುಳ್ಳಿ, ಬೆಳ್ಳುಳ್ಳಿ ಹಾಕಿದಳು. ಬಾವ ಮೂಸಿಯೇ ತಲೆಯಾಡಿಸಿದರು. ನಮಗೆ ನಾಚಿಕೆಯಾಯಿತು. ನೆಲದಡಿಯದ್ದನ್ನು ಮುಟ್ಟದ ಜೈನರ ಹೋಟೆಲಿನಲ್ಲಿ ನೀರುಳ್ಳಿ ಎಲ್ಲಿಂದ ಬರಬೇಕು! ಬಟಾಟೆಯೂ ಇಲ್ಲದ ಕಾರಣವೇ ತಾನೆ ಅಲ್ಲಿ ಎಲ್ಲದಕ್ಕೂ ಬಾಳೆಕಾಯಿ. ಎರಡನೆಯ ಸಲ ಅದೆಲ್ಲ ಬಿಟ್ಟು, ಕೊತ್ತಂಬರಿ, ಒಂದೇ ಒಂದು ಕುಮ್ಟೆ ಮೆಣಸು, ನಾಲ್ಕು ಮೆಂತೆ ಹುರಿದು, ಕಾಯಿ ಧಾರಾಳ ಹಾಕಿ ಅರೆದು ಮಾಡಿದಳು. ನಾನು ಎಂದಿನಂತೆ ಹೊಗೆಯಾಡಿಸಿ ಬಡಿಸಿದೆ. ಬಾವ ಊದಿ ಊದಿ ಒಂದು ತುತ್ತು ತೆಗೆದುಕೊಂಡರು. ಮುಖ ಕಿವುಚಿದರು.

"ಹತ್ತಿರ ಬಂತು," ಅಂದರು. "ಆದರೆ ಅದಲ್ಲ."

ಏನು ಕಡಿಮೆ ಅಂತ ಕೇಳಿದರೆ ಅವರಿಗೆ ಹೇಳಲು ಬರಲಿಲ್ಲ. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಮೆಂತೆ, ಹುಣಸೆ, ಮೂಡುಬಿದಿರೆಯ ನೀರು, ತಾಮ್ರದ ಪಾತ್ರೆ ಎಲ್ಲ ಸುತ್ತಿದವು. "ಪಾತ್ರೆಗೆ ಕಲಾಯಿ ಹಾಕಿಸದೆ ಇದ್ದದ್ದರಿಂದ ಆ ರುಚಿಯೋ ಏನೋ," ಅಂದದ್ದಕ್ಕೆ ಸುಜಯ, "ಹಾಗಾದರೆ ಬಾವನಿಗೆ ವಿಷ ಕೊಡುವ," ಅಂದಳು.

ಮರುದಿನವೇ ಅಂಗಡಿಗೆ ಬೀಗ ಹಾಕಿ ಮೂಡುಬಿದಿರೆಗೆ ಹೊರಟೆ. ಹೋಟೆಲಿದ್ದ ಜಾಗದಲ್ಲಿ ಝೆರಾಕ್ಸ್ ಅಂಗಡಿ. ಶಾಂತಿರಾಜಣ್ಣ ತೀರಿಕೊಂಡು ವರ್ಷಗಳೇ ಆದವು ಅಂದರು ಅಲ್ಲಿಯವರು. ಹೆಂಡತಿ ಸುಮತಿ ಅಮ್ಮ ಬಸದಿಯ ಓಣಿಯಲ್ಲಿ ಮಗನ ಜತೆ ಇದ್ದಾರಂತೆ. ಹುಡುಕಿ ಹೋಗಿ ಬಾಗಿಲು ತಟ್ಟುವಾಗ ನನ್ನ ಕೊಡೆಯಿಂದ ಅವರ ಜಗಲಿಯ ತುಂಬ ನೀರು.

ಹಾಲ್ಟ್ ಬಸ್ಸಿನ ಸಂಜೀವನ ಬಾಮೈದ ಅಂದದ್ದೇ, ಸುಮತಿ ಅಮ್ಮನ ಮುಖ ಅರಳಿತು.

"ಆ ಬೊಬ್ಬೆಯ ಡ್ರೈವರನಾ? ಅವ ಬಂದದ್ದು ನಮಗೆ ಮನೆಯವರೆಗೆ ಕೇಳ್ತಿತ್ತು ಮಾರಾಯ್ರೆ. ಹೇಗಿದ್ದಾನೆ?"

ಹೇಳಿದೆ. ಅವರು ನನ್ನನ್ನು ಒಳಗೆ ಕರೆದು ಕೂರಿಸಿದರು. ಗಸಿಯ ವಿಷಯ ಕೇಳಿದೆ.

"ಅಯ್ಯೋ, ಅದು ನನ್ನ ಹತ್ತಿರ ಕೇಳಿದರೆ ಹೇಗೆ? ನಾನು ಹೋಟೆಲಿನೊಳಗೆ ಕಾಲಿಟ್ಟವಳೇ ಅಲ್ಲ. ಅಲ್ಲಿ ಊರಿಗೆಲ್ಲ ಬೇಯಿಸಿ ಹಾಕ್ತಿದ್ದ ಮನುಷ್ಯ ಮನೆಯಲ್ಲಿ ಒಂದು ಲೋಟ ನೀರು ಕಾಯಿಸಿದವರಲ್ಲ. ಗಸಿಗೆ ಎಂತ ಹಾಕ್ತಾರೆ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ."

ಮಗನಿಗೂ ಗೊತ್ತಿಲ್ಲ. ಅಡುಗೆಯವರು ಯಾರೂ ಉಳಿದಿಲ್ಲ. ಮಳೆಯಲ್ಲಿ ಸಿದ್ದಕಟ್ಟೆಯ ದಾರಿ ಹಿಂದಕ್ಕೆ ಹೋಗಬೇಕಲ್ಲ ಅಂತ ಏಳುವುದರಲ್ಲಿದ್ದೆ. ಸುಮತಿ ಅಮ್ಮ ಒಮ್ಮೆ ಆಕಾಶ ನೋಡಿದರು, ಗೋಡೆಯ ಗಡಿಯಾರ ನೋಡಿದರು, ಎದ್ದುನಿಂತರು.

"ಬನ್ನಿ, ಊಟ ಮಾಡುವ. ಇನ್ನು ಸ್ವಲ್ಪ ಹೊತ್ತಾದರೆ ಕತ್ತಲಾಗ್ತದೆ. ಮತ್ತೆ ನಮಗೆ ನಾಳೆಯೇ."

ಸಂಜೆಯ ಕಾಫಿಯ ಹೊತ್ತಿಗೆ ಊಟ! ಬೇಡವೆನ್ನಲು ಧೈರ್ಯ ಬರಲಿಲ್ಲ. ಕೂತೆ. ಸೊಸೆ ಬಡಿಸಿದರು. ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ಕೂಡ ತಿನ್ನುವುದಿಲ್ಲವೆಂದು ಸುಮತಿ ಅಮ್ಮ ಏನೇನೋ ಹೇಳುತ್ತಿದ್ದರು. ನಾನು ತುತ್ತು ಬಾಯಿಗೆ ಒಯ್ದವನು ಅರ್ಧದಲ್ಲಿ ನಿಲ್ಲಿಸಿದೆ.

ಸೂರ್ಯ ಮುಳುಗುವ ಮೊದಲು ಊಟ. ಹಾಲ್ಟ್ ಬಸ್ಸು ಬರುವುದು ದೀಪ ಹೊತ್ತಿದ ಮೇಲೆ. ಹಾಗಾದರೆ ಬಾವ ಉಂಡದ್ದು ಯಾವಾಗ?

"ಅಮ್ಮ, ಶಾಂತಿರಾಜಣ್ಣ ಕತ್ತಲಾದ ಮೇಲೆ ಹೋಟೆಲಿನಲ್ಲಿ ಒಲೆ ಉರಿಸ್ತಿದ್ದರಾ?"

"ಎಲ್ಲಿಯಾದರೂ ಉಂಟಾ! ಬೆಂಕಿಗೆ ಹುಳ ಬೀಳುವುದಿಲ್ಲವಾ? ಹೊತ್ತು ಮುಳುಗುವ ಮೊದಲೇ ಒಲೆಗೆ ನೀರು."

"ಮತ್ತೆ ಬಾವ..."

"ಅವರಿಗೆ ತೆಗೆದಿಡ್ತಿದ್ದರು, ಅದೊಂದು ಮಾತ್ರ ಮನೆಗೆ ಬಂದು ಹೇಳ್ತಿದ್ದರು. ಹಾಲ್ಟಿನವರಿಗೆ ಅಂತ ಮಧ್ಯಾಹ್ನವೇ ಬೇರೆ ಬೋಗುಣಿಯಲ್ಲಿ ಹಾಕಿ, ಬಾಳೆಲೆ ಮುಚ್ಚಿ, ಮೇಲೆ ತಟ್ಟೆ ಕವುಚಿ. ಇವರು ರಾತ್ರಿ ನೀರು ಕೂಡ ಕುಡಿಯುವವರಲ್ಲ, ಆದರೆ ಬಸ್ಸು ಬರುವವರೆಗೆ ಬಾಗಿಲು ಹಾಕದೆ ಕಾದು ಕೂರ್ತಿದ್ದರು." ಸುಮತಿ ಅಮ್ಮ ನಕ್ಕರು. "ಬಿಸಿಯಾದದ್ದು ನಮ್ಮ ಹೋಟೆಲಿನಲ್ಲಿ ನಿಮ್ಮ ಬಾವ ಒಂದು ದಿವಸ ಉಂಡವನಲ್ಲ, ಪಾಪ."

ನಾನು ಆ ಹಾಟ್‌ಬಾಕ್ಸು, ಆ ಟವೆಲು, ಆ ಮಫ್ಲರು ನೆನೆದುಕೊಂಡೆ. ಹುಣ್ಣಾದ ಬಾಯಿಗೆ ದಿನಾ ಕುದಿಸಿ ಕುದಿಸಿ ಸುರಿದದ್ದನ್ನೂ ನೆನೆದುಕೊಂಡೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. ಸೊಸೆ ನೀರು ತಂದು ಕೊಟ್ಟರು.

ದಾರಿಯಲ್ಲಿ ಬರುವಾಗ ಹೊಸ ಭಯ ಹಿಡಿಯಿತು. ಗುಟ್ಟು ಸಿಕ್ಕಿತು ಸರಿ. ಆದರೆ ರೋಗಿಗೆ ಆರಿದ ಗಸಿ ಕೊಡುವುದಾ? ಕಾಯಿ ಹಾಕಿದ ಪದಾರ್ಥ, ಹಳಸಿದರೆ? ಬೆಳಗಾಗುವುದೇ ತಡ ಆಸ್ಪತ್ರೆಗೆ ಫೋನು ಮಾಡಿದೆ. ಊಟದ ಬಗ್ಗೆ ಹೇಳುವ ಒಬ್ಬ ಮೇಡಂ ಇದ್ದರು.

"ಬಿಸಿ ಬಿಸಿ ಕೊಡ್ತಿದ್ದೀರಾ? ಆ ಬಾಯಿಗೆ?" ಅಂದರು ಅವರು. "ಅವತ್ತೇ ಮಾಡಿದ್ದನ್ನು ತಣ್ಣಗೆ ಮಾಡಿ ಕೊಡಿ ಸಾರ್. ಹೊರಗೆ ತುಂಬ ಹೊತ್ತು ಇಡಬೇಡಿ, ಫ್ರಿಜ್ಜಿನಲ್ಲಿಡಿ. ನುಣ್ಣಗಿರಲಿ, ಖಾರ ಬೇಡ. ಇಷ್ಟು ದಿನ ಒಂದು ಫೋನು ಮಾಡಬಹುದಿತ್ತಲ್ಲ?"

ಮಾಡಬಹುದಿತ್ತು. ಎಂಥೆಂಥದ್ದಕ್ಕೋ ಫೋನು ಮಾಡುವವನು ನಾನು. ಬಿಸಿಯ ಬಗ್ಗೆ ಮಾತ್ರ ನನಗೆ ಸಂಶಯವೇ ಬಂದಿರಲಿಲ್ಲ. ಸಂಶಯ ಬಾರದ ಒಂದೇ ಒಂದು ಜಾಗದಲ್ಲಿ ಸರಿಯಾಗಿ ಎಡವಿದ್ದೆ.

ಅವತ್ತು ಬೆಳಿಗ್ಗೆ ನಾನೇ ಶ್ಯಾವಿಗೆ ಮಣೆಯ ಹಿಡಿಕೆ ತಿರುಗಿಸಿ ಒತ್ತಿದೆ. ಸುಜಯ ಕಡಲೆಯನ್ನು ಬೆರಳಿಗೆ ಸಿಕ್ಕರೆ ಕರಗುವಂತೆ ಬೇಯಿಸಿದಳು. ಗಸಿ ಇಳಿಸಿ, ಬಾಳೆಲೆ ಮುಚ್ಚಿ, ತಟ್ಟೆ ಕವುಚಿದೆವು. ಆರಿದ ಮೇಲೆ ಫ್ರಿಜ್ಜಿಗೆ. ಆಮೇಲೆ ಮಾಡುವುದಕ್ಕೆ ಏನೂ ಇಲ್ಲ. ನಾನು ಎದ್ದು ಹೋಗಿ ಮುಚ್ಚಳ ತೆರೆದು ಮೂಸುವುದು, ಮತ್ತೆ ಕೂರುವುದು.

"ಕೊನೆಗೂ ನಿಮಗೆ ಹೇಳಿ ಮಾಡಿಸಿದ ಅಡುಗೆ ಸಿಕ್ಕಿತು," ಅಂದಳು ಸುಜಯ. "ಇದಕ್ಕೆ ಬೇಕಾದದ್ದೇ ಕಾದು ಕೂರುವವರು."

ವಾಮದಪದವಿಗೆ ತಲುಪುವಾಗ ಸಂಜೆ. ಲೈಟು ಹೋಗಿತ್ತು. ಅಕ್ಕ ಮೇಣದ ಬತ್ತಿ ಹಚ್ಚಿಟ್ಟಿದ್ದಳು. ಬಾವ ಜಗಲಿಯ ಕುರ್ಚಿಯಲ್ಲಿ, ಎದುರಿಗೆ ರಸ್ತೆ ಇದ್ದ ಹಾಗೆ ಮಳೆಯನ್ನು ನೋಡುತ್ತ ಕೂತಿದ್ದರು. ನಾನು ಒಲೆಯ ಕಡೆ ಹೋಗದೆ ಸೀದಾ ತಟ್ಟೆ ತಂದದ್ದು ನೋಡಿ ಅಕ್ಕ ಹುಬ್ಬೇರಿಸಿದಳು. ಶ್ಯಾವಿಗೆಯ ಮೇಲೆ ಗಸಿ ಹಾಕಿದೆ. ಅದು ಹರಿಯಲಿಲ್ಲ, ಕೂತಿತು. ದಪ್ಪಗೆ, ತಣ್ಣಗೆ, ಮೇಲೊಂದು ತೆಳ್ಳನೆ ಎಣ್ಣೆಯ ಪೊರೆ.

ಬಾವ ಬೆರಳು ತಾಗಿಸಿದರು. ಬೆರಳು ಅಲ್ಲೇ ನಿಂತಿತು. ನನ್ನ ಮುಖ ನೋಡಿದರು. ಆಮೇಲೆ ಶ್ಯಾವಿಗೆಯನ್ನು ಗಸಿಯಲ್ಲಿ ಕಲಸಿ, ಸಣ್ಣದೊಂದು ತುತ್ತು ಬಾಯಿಗಿಟ್ಟರು. ಅಕ್ಕ ನನ್ನ ತೋಳು ಗಟ್ಟಿಯಾಗಿ ಹಿಡಿದು ಆಚೆ ತಿರುಗಿಸಿದಳು, ಬಾಯಿ ನೋಡಬೇಡವೆಂದು. ಹಾಗಾಗಿ ನಾನು ಅದನ್ನು ನೋಡಲಿಲ್ಲ. ಮಳೆಯ ಕಡೆ ಮುಖ ಮಾಡಿ ನಿಂತವನಿಗೆ ಹಿಂದಿನಿಂದ ತಟ್ಟೆಯ ಮೇಲೆ ಬೆರಳು ಎಳೆಯುವ ಸದ್ದು ಕೇಳುತ್ತಿತ್ತು. ಅದು ನಿಲ್ಲಲಿಲ್ಲ.

"ಇನ್ನು ಸ್ವಲ್ಪ ಉಂಟಾ?" ಅಂದಿತು ಪಿಸುಮಾತು.

ಅಕ್ಕ ಬಡಿಸಿದಳು.

"ರುಚಿ ಸರಿಯಾಯಿತಾ ಬಾವ? ಅದೇನಾ?"

"ರುಚಿ ಯಾರಿಗೆ ಗೊತ್ತಾಗ್ತದೆ ಮಾರಾಯ," ಅಂದರು ಬಾವ. "ನಾಲಿಗೆಗೆ ಎಂತದೂ ಗೊತ್ತಾಗ್ಲಿಲ್ಲ. ಗಂಟಲಿಗೆ ಗೊತ್ತಾಯ್ತು. ಹೀಗೇ ಇಳೀತಿತ್ತು."

ಆ ಮಳೆಗಾಲದ ಉಳಿದ ದಿನಗಳೆಲ್ಲ ಆ ಗಸಿಯವು. ಅದರ ಹಿಂದೆಯೇ ಆರಿದ ಗಂಜಿ ಇಳಿಯಿತು, ಮೊಸರಲ್ಲಿ ಹಿಚುಕಿದ ಇಡ್ಲಿ ಇಳಿಯಿತು. ಡಾಕ್ಟರ ಹತ್ತಿರ ಹೋದಾಗ ಬಾವ ತೂಕದ ಯಂತ್ರದ ಮೇಲೆ ಚಪ್ಪಲಿ ಹಾಕಿಕೊಂಡೇ ಹತ್ತಲು ನೋಡಿ ನರ್ಸಿನಿಂದ ಬೈಸಿಕೊಂಡರು. ಚಪ್ಪಲಿ ಬೇಕಾಗಿರಲಿಲ್ಲ. ತೂಕ ಇಳಿದಿರಲಿಲ್ಲ, ಕೂದಲೆಳೆಯಷ್ಟು ಏರಿಯೇ ಇತ್ತು. ಟ್ಯೂಬಿನ ಮಾತು ಅಲ್ಲಿಗೆ ನಿಂತಿತು. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಬಾವ ಅವಳ ಪಕ್ಕದಲ್ಲಿ ನಿಂತು, ಬಸ್ಸು ಹೊರಡಿಸುವಾಗಿನ ಹಾಗೆ "ರೈಟ್, ರೈಟ್" ಅನ್ನುತ್ತಿದ್ದರು.

ನಾಲಿಗೆ ಮರಳಿ ಬರಲು ಇನ್ನೂ ಬಹಳ ಕಾಲ ಹಿಡಿಯಿತು. ಸ್ವರವೂ ಬಂತು, ಮೊದಲಿನದ್ದಲ್ಲ, ಕೆರೆದ ಸ್ವರ. ಆದರೆ ಬೈಯಲು ಸಾಲುತ್ತದೆ.

ಈಗಲೂ ಬಾವ ವಾರಕ್ಕೊಮ್ಮೆ ಆ ಗಸಿ ಉಣ್ಣಲು ನಮ್ಮಲ್ಲಿಗೆ ಬರುತ್ತಾರೆ. ಮೊನ್ನೆ ಆ ಡಬ್ಬಿ ಫ್ರಿಜ್ಜಿನಲ್ಲಿ ಇದ್ದದ್ದು ಅದಕ್ಕೇ. ಸಂಜೆ ಬಾವ, ಅಕ್ಕ ಬಂದರು. ಬಾವ ಊಟಕ್ಕೆ ಕೂತು, ತಣ್ಣನೆ ಗಸಿ ಹಾಕಿಸಿಕೊಂಡು, ಎರಡು ತುತ್ತು ಉಂಡು, ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ನಾನು ನೀರಿನ ಲೋಟ ಎತ್ತಿಕೊಂಡೆ.

"ಒಂದು ವಿಷಯ ಹೇಳ್ತೇನೆ, ಬೇಜಾರು ಮಾಡಬಾರದು," ಅಂದರು. "ಈಗ ನಾಲಿಗೆ ಸರಿಯಾದ ಮೇಲೆ ನೋಡ್ತಾ ಇದ್ದೇನೆ. ಶಾಂತಿರಾಜಣ್ಣನ ಗಸಿಗೂ ಇದಕ್ಕೂ ಎಂತ ಸಂಬಂಧವೂ ಇಲ್ಲ."

ಸುಜಯಳ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ಉಳಿಯಿತು.

"ಅವರದ್ದರಲ್ಲಿ ಜೀರಿಗೆ ಮುಂದೆ ಬರ್ತಿತ್ತು. ಇದರಲ್ಲಿ ಮೆಂತೆ. ಅವರದ್ದು ಹುಳಿ, ಇದು ಸಪ್ಪೆ. ಆಗ ನಾಲಿಗೆ ಇದ್ದಿದ್ದರೆ ಒಂದೇ ತುತ್ತಿಗೆ ಹೇಳ್ತಿದ್ದೆ, ಇದು ಅಲ್ಲವೇ ಅಲ್ಲ ಅಂತ."

"ಮತ್ತೆ ಎರಡು ವರ್ಷ ನೆಕ್ಕಿ ನೆಕ್ಕಿ ಉಂಡದ್ದು ಯಾವ ಹೋಟೆಲಿನದ್ದು?" ಅಂತ ಅಕ್ಕ ರೇಗಿದಳು.

ಬಾವ ತಟ್ಟೆಯನ್ನು ಸುಜಯಳ ಸೌಟಿನ ಕಡೆಗೆ ಹಿಡಿದರು.

"ಮೆಲ್ಕಾರಿನಲ್ಲಿ ಒಂದು ಕನ್ನಡಕದ ಅಂಗಡಿ ಉಂಟು," ಅಂದರು. "ಅಲ್ಲಿಯದ್ದು. ಹಾಕು, ಹಾಕು. ಮುಂದಿನ ವಾರವೂ ಇಟ್ಟಿರು ಮಾರಾಯ್ತಿ. ಇವನ ಹತ್ತಿರ ಮಾತ್ರ ಹೇಳು, ಬಿಸಿ ಮಾಡುವುದು ಬೇಡ."

ಅವರು ಹೊರಟ ಮೇಲೆ ಡಬ್ಬಿ ತೊಳೆಯಲು ಹೋದೆ. ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಬಿಸಿ ಮಾಡದೆ, ಕುದಿಸದೆ, ನಿಂತಲ್ಲೇ ಬೆರಳಲ್ಲಿ ಬಳಿದು ಬಾಯಿಗಿಟ್ಟೆ. ಮೆಂತೆ ಸ್ವಲ್ಪ ಹೆಚ್ಚೇ ಆಗಿತ್ತು. ಇಳಿಯುವುದೇನೋ ಚೆನ್ನಾಗಿ ಇಳಿಯಿತು.